ಹಾರುದೋಣಿಗೆ ಬೆಂಗಾವಲು: ವೇಕ್ ದ್ವೀಪದಿಂದ ಬೆಳ್ಳಂದೂರು ಕೆರೆಗೆ

ಪೆಸಿಫಿಕ್ ದ್ವೀಪಗಳ ಮೇಲೆ ಹಾರುತ್ತಿದ್ದ ಫ್ಲೈಯಿಂಗ್ ಬೋಟ್‌ನಲ್ಲಿ ಸೊಲ್ಲಾಪುರದ ಉದ್ಯಮಿಯೊಬ್ಬರಿಗೆ ಅಮೆರಿಕದ ವಿಮಾನ ವ್ಯಾಪಾರಿಯೊಬ್ಬನ ಪರಿಚಯವಾಯಿತು. ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂತು. ಎರಡೇ ವರ್ಷಗಳಲ್ಲಿ ಅದೇ ದ್ವೀಪಗಳ ಮೇಲೆ ಬಾಂಬು ಬಿದ್ದವು. ಹಾರುದೋಣಿಗಳಿಗೆ ಬೆಂಗಾವಲು ಬೇಕಾಯಿತು. ಈ ಚರಿತ್ರೆಯಲ್ಲಿ ಕುಡಚಿಯ ರೈಲುದಾರಿ ಇದೆ, ಬೆಳ್ಳಂದೂರಿನ ಕೆರೆ ಇದೆ, ನಿಪ್ಪಾಣಿಯ ನೆರೆಸೀಮೆಯಲ್ಲಿ ಹುಟ್ಟಿದ ವಿಜ್ಞಾನಿಯೂ ಇದ್ದಾರೆ.

1941ರ ಡಿಸೆಂಬರ್ 8ರ ಬೆಳಿಗ್ಗೆ ಪೆಸಿಫಿಕ್ ಮಹಾಸಾಗರದ ನಡುವಿನ ವೇಕ್ ಎಂಬ ಪುಟ್ಟ ಹವಳದ್ವೀಪದ ಒಳಗೊಳದಲ್ಲಿ, ನಾಲ್ಕು ಎಂಜಿನ್‌ಗಳ ಭಾರಿ ಹಾರುದೋಣಿಯೊಂದು ಕಟ್ಟೆಗೆ ತಾಗಿ ನಿಂತಿತ್ತು. ‘ಫಿಲಿಪ್ಪೀನ್ ಕ್ಲಿಪ್ಪರ್’ ಎಂಬ ಹೆಸರಿನ ಈ ವಿಮಾನ ಆ ಬೆಳಿಗ್ಗೆಯೇ ಗ್ವಾಮ್ ದ್ವೀಪದ ಕಡೆಗೆ ಹೊರಟಿತ್ತಾದರೂ, ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದೆಯೆಂಬ ರೇಡಿಯೊ ಸುದ್ದಿ ಬಂದ ಕೂಡಲೇ ಪೆಟ್ರೋಲಿನ ಒಂದು ಪಾಲನ್ನು ಸಮುದ್ರಕ್ಕೆ ಸುರಿದು, ಭಾರ ಇಳಿಸಿಕೊಂಡು ಮರಳಿ ಬಂದಿತ್ತು.

ದ್ವೀಪದ ನೌಕಾದಳದ ಮುಖ್ಯಸ್ಥ ವಿನ್‌ಫೀಲ್ಡ್ ಕನಿಂಗ್‌ಹ್ಯಾಮ್ ಹಾಗೂ ವಿಮಾನದಳದ ಮೇಜರ್ ಪಾಲ್ ಪಟ್ನಮ್ ಅವರ ಮುಂದಿದ್ದ ಚಿಂತೆ ಒಂದೇ: ಶತ್ರುವಿನ ಹಡಗುಗಳು ಯಾವ ದಿಕ್ಕಿನಲ್ಲಿವೆ? ದೂರ ಹೋಗಿ ಹುಡುಕಿ ಬರಬಲ್ಲ ಕ್ಯಾಟಲಿನಾ ವಿಮಾನಗಳು ಕೆಲವೇ ದಿನಗಳ ಹಿಂದೆ ದ್ವೀಪವನ್ನು ಬಿಟ್ಟುಹೋಗಿದ್ದವು. ಆದ್ದರಿಂದ ಪ್ರಯಾಣಿಕರನ್ನು ಸಾಗಿಸುವ ಕ್ಲಿಪ್ಪರನ್ನೇ ಪಹರೆಗೆ ಕಳಿಸುವುದೆಂದೂ, ಅದರ ರಕ್ಷಣೆಗೆ ಎರಡು ವೈಲ್ಡ್‌ಕ್ಯಾಟ್ ಯುದ್ಧವಿಮಾನಗಳು ಬೆಂಗಾವಲಾಗಿ ಹೋಗುವುದೆಂದೂ, ಮಧ್ಯಾಹ್ನ ಒಂದು ಗಂಟೆಗೆ ಹೊರಡುವುದೆಂದೂ ತೀರ್ಮಾನವಾಯಿತು. ಕ್ಲಿಪ್ಪರಿನ ಕ್ಯಾಪ್ಟನ್ ಜಾನ್ ಹ್ಯಾಮಿಲ್ಟನ್ ಒಪ್ಪಿಕೊಂಡರು.

ಆ ಬೆಂಗಾವಲು ಹೊರಡಲೇ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಮಾರ್ಷಲ್ ದ್ವೀಪಗಳ ನೆಲೆಯಿಂದ ಬಂದ ಮೂವತ್ತಕ್ಕೂ ಹೆಚ್ಚು ಜಪಾನಿ ಬಾಂಬರುಗಳು ಮೋಡದ ಮರೆಯಿಂದ ಇಳಿದು ದ್ವೀಪದ ಮೇಲೆ ಎರಗಿದವು. ಅಲ್ಲಿದ್ದ ಹನ್ನೆರಡು ವೈಲ್ಡ್‌ಕ್ಯಾಟ್‌ಗಳಲ್ಲಿ ನಾಲ್ಕು ಆಕಾಶದಲ್ಲಿ ಪಹರೆ ತಿರುಗುತ್ತಿದ್ದರೂ ಮೋಡದಿಂದಾಗಿ ಅವಕ್ಕೆ ಶತ್ರು ಕಾಣಲಿಲ್ಲ. ನೆಲದ ಮೇಲಿದ್ದ ಎಂಟರಲ್ಲಿ ಏಳು ಸುಟ್ಟುಹೋದವು.

ವಿಚಿತ್ರವೆಂದರೆ, ರಕ್ಷಣೆ ಮಾಡಬೇಕಿದ್ದ ವಿಮಾನಗಳು ಬೂದಿಯಾದವು, ರಕ್ಷಣೆ ಬೇಕಿದ್ದ ಹಾರುದೋಣಿ ಮಾತ್ರ ಮೈತುಂಬ ಗುಂಡಿನ ತೂತುಗಳನ್ನು ಹೊತ್ತು ತೇಲುತ್ತ ಉಳಿಯಿತು. ಎಂಜಿನ್‌ಗಳಿಗೂ ಪೆಟ್ರೋಲ್ ಟ್ಯಾಂಕುಗಳಿಗೂ ಪೆಟ್ಟು ಬಿದ್ದಿರಲಿಲ್ಲ. ಸರಕನ್ನೆಲ್ಲ ಕಿತ್ತೆಸೆದು, ಸುಮಾರು ಎಪ್ಪತ್ತು ಜನರನ್ನು ತುಂಬಿಕೊಂಡು, ಮೂರನೆಯ ಪ್ರಯತ್ನದಲ್ಲಿ ಅದು ನೀರು ಬಿಟ್ಟು ಮೇಲೆದ್ದಿತು. ಬೆಂಗಾವಲಿಲ್ಲದೆ ಸುಮಾರು 1,900 ಕಿ.ಮೀ. ದೂರದ ಮಿಡ್‌ವೇ ದ್ವೀಪ ಸೇರಿ, ಅಲ್ಲಿಂದ ಹವಾಯಿಗೆ ಮುಟ್ಟಿತು.

ಈ ಪಾರಾಗುವಿಕೆಯನ್ನು ಸಾಹಸವೆಂದು ಹೊಗಳುವ ಬರಹಗಳು ಬೇಕಷ್ಟಿವೆ. ಆದರೆ ವಿಮಾನದಲ್ಲಿ ಯಾರಿಗೆ ಜಾಗ ಸಿಕ್ಕಿತೆಂಬುದನ್ನೂ ಹೇಳಬೇಕು. ವಿಮಾನದ ಒಡೆತನದ ಪ್ಯಾನ್ ಅಮೆರಿಕನ್ ಕಂಪನಿಯ ಬಿಳಿಯ ನೌಕರರನ್ನು ಹತ್ತಿಸಿಕೊಳ್ಳಲಾಯಿತು, ಗ್ವಾಮ್ ಮೂಲದ ಚಮೋರೊ ಜನಾಂಗದ ನೌಕರರನ್ನು ದ್ವೀಪದಲ್ಲೇ ಬಿಡಲಾಯಿತು. ಲೆಕ್ಕಪತ್ರ ನೋಡಲು ಬಂದಿದ್ದ ಸರ್ಕಾರಿ ಅಧಿಕಾರಿಯೊಬ್ಬರಿಗೆ ವಿಮಾನ ತಪ್ಪಿಹೋಗಿ ಅವರೂ ಜಪಾನಿಯರ ಸೆರೆಯಾದರು. 1941ರ ಡಿಸೆಂಬರ್ 23ರಂದು ವೇಕ್ ಶರಣಾಯಿತು.

ಅದಕ್ಕೆ ಸರಿಯಾಗಿ ಒಂದು ವರ್ಷ ಮುಂಚೆ, 1940ರ ಡಿಸೆಂಬರ್ 23ರಂದು, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಎಂಬ ಕಂಪನಿ ನೋಂದಣಿಯಾಗಿತ್ತು. ತಾರೀಖು ಕೂಡಿಬಂದದ್ದು ಕಾಕತಾಳೀಯ. ಆದರೆ ಆ ದ್ವೀಪಕ್ಕೂ ಈ ಕಾರ್ಖಾನೆಗೂ ಇರುವ ನಂಟು ಕಾಕತಾಳೀಯವೆನ್ನುವಂತಿಲ್ಲ.

■ ಚೌಕಟ್ಟು: ದೋಣಿಯೋ, ವಿಮಾನವೋ?
ಒಡಲೇ ದೋಣಿಯ ಆಕಾರದಲ್ಲಿದ್ದು, ನೀರಿನ ಮೇಲೆ ಹೊಟ್ಟೆಯೂರಿ ತೇಲುವ ವಿಮಾನಕ್ಕೆ ಫ್ಲೈಯಿಂಗ್ ಬೋಟ್ ಅಥವಾ ಹಾರುದೋಣಿ ಎನ್ನುತ್ತಾರೆ. ಸಾಮಾನ್ಯ ವಿಮಾನಕ್ಕೆ ಗಾಲಿಯ ಬದಲು ಎರಡು ತೇಲುಗಗಳನ್ನು ಕಟ್ಟಿದರೆ ಅದು ಫ್ಲೋಟ್‌ಪ್ಲೇನ್. ದೋಣಿಯ ಒಡಲಿನ ಜೊತೆಗೆ ಮಡಚುವ ಗಾಲಿಗಳೂ ಇದ್ದು ನೀರು, ನೆಲ ಎರಡರಲ್ಲೂ ಇಳಿಯಬಲ್ಲದ್ದು ಉಭಯಚರ ವಿಮಾನ. ಹಾರುದೋಣಿಯ ತಳದಲ್ಲಿ ಅಡ್ಡಲಾಗಿ ಒಂದು ಮೆಟ್ಟಿಲು ಇರುತ್ತದೆ. ವೇಗ ಹೆಚ್ಚಿದಾಗ ನೀರು ಅಲ್ಲಿ ತಳದಿಂದ ಕಳಚಿಕೊಂಡು ಹಿಡಿತ ಬಿಡುತ್ತದೆ. ತೀರಾ ನಿಶ್ಚಲವಾದ ನೀರಿನಿಂದ ಮೇಲೇಳುವುದು ಅಲೆ ಇರುವ ನೀರಿಗಿಂತ ಕಷ್ಟ.

ವಿಮಾನ ನಿಲ್ದಾಣಗಳು ವಿರಳವಾಗಿದ್ದ 1930ರ ದಶಕದಲ್ಲಿ, ಮಹಾಸಾಗರ ದಾಟಲು ಹಾರುದೋಣಿಗಿಂತ ಒಳ್ಳೆಯ ಉಪಾಯ ಇರಲಿಲ್ಲ. ಪ್ಯಾನ್ ಅಮೆರಿಕನ್ ಏರ್‌ವೇಸ್ ಕಂಪನಿಯ ‘ಚೀನಾ ಕ್ಲಿಪ್ಪರ್’ 1935ರ ನವೆಂಬರ್ 22ರಂದು ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯಿಂದ ಅಂಚೆ ಹೊತ್ತು ಹೊರಟು, ಹೊನೊಲುಲು, ಮಿಡ್‌ವೇ, ವೇಕ್, ಗ್ವಾಮ್ ದ್ವೀಪಗಳಲ್ಲಿ ತಂಗುತ್ತ ವಾರದಲ್ಲಿ ಮನಿಲಾ ತಲುಪಿತು. ಮರುವರ್ಷ ಪ್ರಯಾಣಿಕರ ಸೇವೆಯೂ ಆರಂಭವಾಯಿತು. ದಿನಕ್ಕೊಂದು ದ್ವೀಪ, ರಾತ್ರಿಗೊಂದು ತಂಗುದಾಣ ಎಂಬ ಲೆಕ್ಕದ ಆ ಪ್ರಯಾಣ ಸಿರಿವಂತರಿಗಷ್ಟೇ ಕೈಗೆಟಕುತ್ತಿತ್ತು.

1939ರಲ್ಲಿ ಅಂಥ ಒಂದು ಕ್ಲಿಪ್ಪರಿನಲ್ಲಿ ವಾಲಚಂದ ಹೀರಾಚಂದ ಇದ್ದರು. 1882ರಲ್ಲಿ ಸೊಲ್ಲಾಪುರದ ಜೈನ ವ್ಯಾಪಾರಿ ಮನೆತನದಲ್ಲಿ ಹುಟ್ಟಿ, ರೈಲ್ವೆ ಗುತ್ತಿಗೆ, ಹಡಗು, ಸಕ್ಕರೆ ಎಂದು ಒಂದಾದಮೇಲೊಂದು ಉದ್ಯಮಕ್ಕೆ ಕೈಹಾಕಿದ್ದ ಈ ಮನುಷ್ಯ ಅಮೆರಿಕಕ್ಕೆ ಹೋದದ್ದು ಮೋಟಾರು ಕಾರಿನ ಕಾರ್ಖಾನೆಗೆ ಜೊತೆಗಾರರನ್ನು ಹುಡುಕಲು. ಅಥಣಿ, ಕಾಗವಾಡ, ನಿಪ್ಪಾಣಿಯ ವ್ಯಾಪಾರಸ್ಥರಿಗೆ ಸೊಲ್ಲಾಪುರದ ಪೇಟೆ ಅಂದೂ ಇಂದೂ ಪರದೇಶವೇನಲ್ಲವಾದ್ದರಿಂದ, ಈ ಹೆಸರನ್ನು ಅವರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ.

ಅದೇ ವಿಮಾನದಲ್ಲಿದ್ದ ವಿಲಿಯಂ ಪಾಲಿ ಎಂಬ ಅಮೆರಿಕನ್, ಬರ್ಮಾ ಗಡಿಗೆ ಸಮೀಪದ ಚೀನಾದ ಲೋಯಿವಿಂಗ್‌ನಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದ. ಚೀನಾದಲ್ಲಿ ಆಗುವುದಾದರೆ ಭಾರತದಲ್ಲಿ ಏಕಾಗದು ಎಂಬ ವಾಲಚಂದರ ಆಲೋಚನೆಗೆ ಪಾಲಿ ಒಪ್ಪಿದ. ಮುಂದೆ ಇದೇ ಪಾಲಿ ಚೀನಾದ ಪರವಾಗಿ ಕಾದಾಡಿದ ‘ಫ್ಲೈಯಿಂಗ್ ಟೈಗರ್ಸ್’ ಎಂಬ ಅಮೆರಿಕನ್ ಪೈಲಟ್‌ಗಳ ಪಡೆಯನ್ನು ಕಟ್ಟಲು ನೆರವಾದ. ವೇಕ್ ದ್ವೀಪದಲ್ಲಿ ಗುಂಡು ತಿಂದ ಫಿಲಿಪ್ಪೀನ್ ಕ್ಲಿಪ್ಪರ್ ಅಂದು ಸಾಗಿಸುತ್ತಿದ್ದ ಸರಕಿನಲ್ಲಿ ಆ ಪಡೆಯ ವಿಮಾನಗಳಿಗೆಂದು ಕಳಿಸಿದ ಟೈರುಗಳಿದ್ದವು.

ಕಾರ್ಖಾನೆಗೆ ಜಾಗ ಬೇಕಿತ್ತು. ವಾಲಚಂದರು ಹಲವು ದೇಶೀ ಸಂಸ್ಥಾನಗಳನ್ನು ಕೇಳಿದರೂ ಕೈಹಿಡಿದದ್ದು ಮೈಸೂರು. ದಿವಾನ ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನ ಹೊರವಲಯದಲ್ಲಿ ಸುಮಾರು 700 ಎಕರೆ ನೆಲವನ್ನೂ, ಸಂಸ್ಥಾನದ ಪಾಲಾಗಿ 25 ಲಕ್ಷ ರೂಪಾಯಿಯನ್ನೂ ಕೊಟ್ಟರು. ವಾಲಚಂದರು ಅಷ್ಟೇ ಹಣ ಹಾಕಿದರು. 1941ರ ಮಾರ್ಚಿನಲ್ಲಿ ಭಾರತ ಸರ್ಕಾರವೂ ಅಷ್ಟೇ ಮೊತ್ತದೊಂದಿಗೆ ಮೂರನೆಯ ಪಾಲುದಾರನಾಯಿತು. ದೊಮ್ಮಲೂರು ರಸ್ತೆಯ ‘ಈವನ್‌ಟೈಡ್’ ಎಂಬ ಬಂಗಲೆಯೇ ಮೊದಲ ಕಚೇರಿ.

ಕಾರ್ಖಾನೆಯ ಸರಕು ಬರಬಹುದಾಗಿದ್ದ, ಆ ಕಾಲದಲ್ಲಿ ಮುಂಬೈ ಬಂದರಿನಿಂದ ಬೆಂಗಳೂರಿಗಿದ್ದ ರೈಲುದಾರಿಗಳಲ್ಲಿ ಒಂದು, ಪುಣೆಯವರೆಗೆ ಅಗಲ ಹಳಿಯಲ್ಲಿ ಬಂದು, ಅಲ್ಲಿ ಗಾಡಿ ಬದಲಿಸಿ, ಮೀಟರ್ ಗೇಜ್ ಹಳಿಯಲ್ಲಿ ಮಿರಜದ ಮೂಲಕ ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳನ್ನು ಹಾದು ಬೆಳಗಾವಿ, ಹುಬ್ಬಳ್ಳಿ, ಹರಿಹರಗಳ ಕಡೆಗೆ ಇಳಿಯುತ್ತಿತ್ತು. ಹೆಸರಿನಲ್ಲಿ ಚಿಕ್ಕೋಡಿ ಇದ್ದರೂ ಆ ನಿಲ್ದಾಣ ಊರಿನಿಂದ ಎಷ್ಟು ದೂರವೆಂಬುದು ಮೂಟೆ ಹೊತ್ತು ನಡೆದವರಿಗೇ ಗೊತ್ತು. ಇಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳಾಗಿರುವ ಈ ಸೀಮೆ ಅಂದು ಒಂದೇ ಆಡಳಿತದಲ್ಲೂ ಇರಲಿಲ್ಲ: ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳು ಮುಂಬೈ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದರೆ ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು.

ವಿಮಾನವೆಂಬುದು ಈ ಸೀಮೆಗೆ ತೀರಾ ಅಪರಿಚಿತವಾಗಿರಲಿಲ್ಲ. ಉತ್ತರಕ್ಕೆ ಕೊಲ್ಲಾಪುರದ ಉಜಳಾಯಿವಾಡಿಯಲ್ಲಿ ಛತ್ರಪತಿ ರಾಜಾರಾಮ ಮಹಾರಾಜರ ಕಾಲದಲ್ಲಿ, 1939ರಲ್ಲಿ ವಿಮಾನ ನಿಲ್ದಾಣ ಆರಂಭವಾಗಿತ್ತು. ದಕ್ಷಿಣಕ್ಕೆ ಬೆಳಗಾವಿಯ ಸಾಂಬ್ರಾದಲ್ಲಿ 1942ರಲ್ಲಿ ಬ್ರಿಟಿಷ್ ವಾಯುದಳ ನೆಲೆ ಕಟ್ಟಿ, ಬರ್ಮಾ ರಣರಂಗಕ್ಕೆ ಬೇಕಾದ ತರಬೇತಿಗೆ ಬಳಸಿತು. ಎರಡರ ನಡುವೆ ಸಿಕ್ಕ ನಿಪ್ಪಾಣಿ, ಸಂಕೇಶ್ವರಗಳ ತಂಬಾಕಿನ ಹೊಲಗಳ ಮೇಲೆ ಆ ವರ್ಷಗಳಲ್ಲಿ ಎಂಜಿನ್ನಿನ ಸದ್ದು ಕೇಳಿದ್ದರೆ ಆಶ್ಚರ್ಯವಿಲ್ಲ.

ಹಾರುದೋಣಿಗೆ ಮಾತ್ರ ಇಲ್ಲಿ ತಾಣವಿರಲಿಲ್ಲ. ಕುಡಚಿ ಸೇತುವೆಯ ಬಳಿಯ ಕೃಷ್ಣೆ ಮಳೆಗಾಲದಲ್ಲಿ ಅಗಲವಾಗಿ ಹರಿಯುತ್ತದಾದರೂ ಸೆಳವು, ತೇಲಿಬರುವ ಮರದ ದಿಮ್ಮಿಗಳು ವಿಮಾನದ ತಳಕ್ಕೆ ಮಾರಕ. ಬೇಸಿಗೆಯಲ್ಲಿ ನೀರೇ ಇರುವುದಿಲ್ಲ. ನೇರವಾಗಿ ಒಂದೆರಡು ಕಿಲೋಮೀಟರ್ ಉದ್ದದ, ಆಳವಾದ, ನಿಂತ ನೀರು ಬೇಕು. ಹಿಡಕಲ್ ಜಲಾಶಯ ಇನ್ನೂ ಕಟ್ಟಿರಲಿಲ್ಲ. ಅಂಥ ನೀರು ಕಾರ್ಖಾನೆಯ ಬಗಲಿಗೇ ಸಿಕ್ಕಿದ್ದು ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ.

ಕೆರೆಗೆ ಬರುವ ಮುಂಚೆ ಬೆಂಗಾವಲಿನ ಮಾತನ್ನು ಇನ್ನಷ್ಟು ಬಿಡಿಸಬೇಕು. ಯುದ್ಧದ ಹಾರುದೋಣಿಗಳಲ್ಲಿ ಅತಿ ಹೆಚ್ಚು ಬಳಕೆಗೆ ಬಂದ ಕ್ಯಾಟಲಿನಾ, ಸುಮಾರು 32 ಮೀಟರ್ ಅಗಲದ ಒಂದೇ ರೆಕ್ಕೆಯನ್ನು ಕಂಬದ ಮೇಲೆ ಹೊತ್ತ, ಎರಡು ಎಂಜಿನ್‌ಗಳ ವಿಮಾನ. ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿ ಇಡೀ ಹಗಲು ಅಥವಾ ಇಡೀ ರಾತ್ರಿ ಹಾರಬಲ್ಲದು, ಸಾಮಾನ್ಯವಾಗಿ 4,000 ಕಿ.ಮೀ.ವರೆಗೂ ಹೋಗಬಲ್ಲದು. ಅದರ ಬಲ ತಾಳ್ಮೆ, ಅದರ ದೌರ್ಬಲ್ಯ ವೇಗ. ಗಂಟೆಗೆ 500 ಕಿ.ಮೀ. ಹಾರುವ ಯುದ್ಧವಿಮಾನದ ಕಣ್ಣಿಗೆ ಬಿದ್ದರೆ ಅದಕ್ಕೆ ಉಳಿಗಾಲವಿಲ್ಲ.

ಹಾಗಾಗಿ ಬೆಂಗಾವಲು ಬೇಕು. ಆದರೆ ಬೆಂಗಾವಲು ವಿಮಾನದ ಪೆಟ್ರೋಲು ಅಷ್ಟು ದೂರಕ್ಕೆ ಸಾಲದು. ವೈಲ್ಡ್‌ಕ್ಯಾಟ್ ಒಟ್ಟು ಹಾರಬಲ್ಲದ್ದು ಸುಮಾರು 1,300 ಕಿ.ಮೀ.; ಹೋಗಿ ಮರಳುವ ಲೆಕ್ಕದಲ್ಲಿ ಅದರ ಅರ್ಧ, ಕಾದಾಟಕ್ಕೆಂದು ಉಳಿಸಿಕೊಳ್ಳುವುದನ್ನು ಕಳೆದರೆ ಇನ್ನೂ ಕಡಿಮೆ. ಚಕ್ಕಡಿಯ ಜೊತೆ ಹೊರಟ ಕುದುರೆ ಸವಾರನಂತೆ, ಅವು ನಿಧಾನದ ಸಂಗಾತಿಯನ್ನು ಬಿಟ್ಟು ಮುಂದೆ ಹೋಗದಿರಲು ಮೇಲೆ ಅಡ್ಡಡ್ಡ ತಿರುಗುತ್ತ ಇನ್ನಷ್ಟು ಪೆಟ್ರೋಲು ಸುಡಬೇಕಾಗುತ್ತಿತ್ತು. ದ್ವೀಪದಿಂದ ದ್ವೀಪಕ್ಕೆ ಸಾವಿರಾರು ಕಿಲೋಮೀಟರ್ ಇದ್ದಲ್ಲಿ, ದಾರಿಯ ಎರಡು ತುದಿಗಳಲ್ಲಿ ಮಾತ್ರ ಕಾವಲು ಸಾಧ್ಯ. ನಡುವಿನ ನೀರು ದೇವರ ಪಾಲು.

ಬೆಂಗಾವಲಿನ ಸಂಬಂಧ ಉಲ್ಟಾ ಆಗುವುದೂ ಇತ್ತು. ವೇಕ್‌ನ ಆ ಹನ್ನೆರಡು ವೈಲ್ಡ್‌ಕ್ಯಾಟ್‌ಗಳು ದಾಳಿಗೆ ನಾಲ್ಕು ದಿನ ಮುಂಚೆ ‘ಎಂಟರ್‌ಪ್ರೈಸ್’ ಎಂಬ ವಿಮಾನವಾಹಕ ಹಡಗಿನಿಂದ ಹಾರಿಬಂದಾಗ, ಅವಕ್ಕೆ ದಾರಿ ತೋರಿಸಿ ದ್ವೀಪಕ್ಕೆ ಕರೆತಂದದ್ದು ಒಂದು ಕ್ಯಾಟಲಿನಾ. ಯುದ್ಧವಿಮಾನದಲ್ಲಿ ಪೈಲಟ್ ಒಬ್ಬನೇ. ನಕ್ಷೆ, ನಕ್ಷತ್ರ ನೋಡಿ ದಿಕ್ಕು ಎಣಿಸುವ ನ್ಯಾವಿಗೇಟರ್ ಇರುವುದು ಹಾರುದೋಣಿಯಲ್ಲಿ.

ಯುದ್ಧದ ನಡುಭಾಗದಲ್ಲಿ ಪೆಸಿಫಿಕ್‌ನಲ್ಲಿ ಬೆಂಗಾವಲಿಗೆ ಹೊಸ ಕೆಲಸ ಸಿಕ್ಕಿತು. ಸಮುದ್ರಕ್ಕೆ ಬಿದ್ದ ವಿಮಾನಿಗಳನ್ನು ಎತ್ತಿಕೊಂಡು ಬರುವ ಕ್ಯಾಟಲಿನಾಗಳಿಗೆ, ಸಿನಿಮಾದ ಹಾರುವ ಆನೆಮರಿಯ ಹೆಸರಿನಲ್ಲಿ, ‘ಡಂಬೊ’ ಎಂಬ ಅಡ್ಡಹೆಸರು ಬಂತು. ಶತ್ರುವಿನ ಬಂದರಿನೆದುರೇ ನೀರಿಗಿಳಿಯುವ ಡಂಬೊ ಕೆಲವು ನಿಮಿಷ ಅಲುಗದೆ ತೇಲುವ ಗುರಿಯಾಗುತ್ತಿತ್ತು. ಮೇಲೆ ಸುತ್ತುವ ಯುದ್ಧವಿಮಾನಗಳು ದಡದ ಫಿರಂಗಿಗಳ ಬಾಯಿ ಮುಚ್ಚಿಸಬೇಕಿತ್ತು.

1944ರ ಫೆಬ್ರವರಿ 15ರಂದು ನ್ಯೂ ಐರ್ಲೆಂಡ್ ದ್ವೀಪದ ಕವಿಯೆಂಗ್ ಬಂದರಿನ ಮೇಲೆ ಅಮೆರಿಕದ ಬಾಂಬರುಗಳು ದಾಳಿ ಮಾಡಿ, ಹಲವು ವಿಮಾನಗಳು ಉರುಳಿದವು. ಥಂಡರ್‌ಬೋಲ್ಟ್ ಯುದ್ಧವಿಮಾನಗಳ ಬೆಂಗಾವಲಿನಲ್ಲಿ ಬಂದ ಲೆಫ್ಟಿನೆಂಟ್ ನಾಥನ್ ಗಾರ್ಡನ್, ಉಬ್ಬರದ ಅಲೆಗಳ ಮೇಲೆ ದಡದ ಗುಂಡಿನ ಸುರಿಮಳೆಯ ನಡುವೆ ತಮ್ಮ ಕ್ಯಾಟಲಿನಾವನ್ನು ಮತ್ತೆ ಮತ್ತೆ ಇಳಿಸಿ 15 ಜನರನ್ನು ಎತ್ತಿಕೊಂಡರು. ನೀರಿನಲ್ಲಿದ್ದವರನ್ನು ಒಳಗೆಳೆಯಲು ಎಂಜಿನ್ ನಿಲ್ಲಿಸಬೇಕಿತ್ತು. ಮತ್ತೆ ಚಾಲೂ ಆಗದಿದ್ದರೆ ಎಲ್ಲರೂ ಸೆರೆ. ಅಮೆರಿಕದ ಅತ್ಯುನ್ನತ ಶೌರ್ಯಪದಕ ಅವರಿಗೆ ಸಂದಿತು.

ಬೆಂಗಾವಲು ಇಲ್ಲದಿದ್ದರೆ ಏನಾಗುತ್ತದೆಂಬುದು ನಮ್ಮ ನೆರೆಯ ಸಿಂಹಳದಲ್ಲೇ ತಿಳಿಯಿತು. 1942ರ ಏಪ್ರಿಲ್ 4ರಂದು ಕೊಗ್ಗಲ ಸರೋವರದಿಂದ ಹೊರಟ ಕೆನಡಾದ ಲಿಯೊನಾರ್ಡ್ ಬರ್ಚಲ್ ಅವರ ಕ್ಯಾಟಲಿನಾ, ದಿನವಿಡೀ ಹಾರಿ ಸಂಜೆಯ ಹೊತ್ತಿಗೆ ಜಪಾನಿನ ವಿಮಾನವಾಹಕ ಹಡಗುಗಳ ದಂಡನ್ನು ಕಂಡಿತು. ತಂತಿ ಸಂದೇಶ ಕಳಿಸುತ್ತಿರುವಾಗಲೇ ಝೀರೊ ಯುದ್ಧವಿಮಾನಗಳು ಮುತ್ತಿ ಅದನ್ನು ಕೆಡವಿದವು. ಒಂಬತ್ತು ಜನರಲ್ಲಿ ಆರು ಜನ ಉಳಿದು ಸೆರೆಯಾದರು. ಆ ಸಂದೇಶದಿಂದ ಕೊಲಂಬೊಗೆ ಒಂದು ರಾತ್ರಿಯ ಎಚ್ಚರಿಕೆ ಸಿಕ್ಕಿತು. ಮರುದಿನ ಕೊಲಂಬೊ ಮೇಲೆ, ಅದರ ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬು ಬಿದ್ದವು.

■ ಚೌಕಟ್ಟು: ಎರಡು ಸೂರ್ಯೋದಯಗಳ ದಾರಿ
ಸಿಂಗಪುರ ಬಿದ್ದ ಮೇಲೆ ಆಸ್ಟ್ರೇಲಿಯಕ್ಕೂ ಭಾರತದ ಕಡೆಗೂ ಇದ್ದ ವಿಮಾನ ಸಂಪರ್ಕ ಕಡಿಯಿತು. 1943ರಿಂದ 1945ರವರೆಗೆ ಕ್ವಾಂಟಾಸ್ ಕಂಪನಿ ಪರ್ತ್ ಮತ್ತು ಕೊಗ್ಗಲಗಳ ನಡುವೆ ಸುಮಾರು 5,600 ಕಿ.ಮೀ. ದೂರವನ್ನು ಎಲ್ಲೂ ನಿಲ್ಲದೆ ಕ್ಯಾಟಲಿನಾಗಳಲ್ಲಿ ದಾಟಿತು. ಅಷ್ಟು ದೂರಕ್ಕೆ ಬೆಂಗಾವಲು ಹೋಗಬಲ್ಲ ಯುದ್ಧವಿಮಾನ ಇರಲಿಲ್ಲ. ಜಪಾನಿಯರ ಹಿಡಿತದ ಪ್ರದೇಶವನ್ನು ಕತ್ತಲಲ್ಲಿ ದಾಟುವಂತೆ ಹೊತ್ತು ನೋಡಿ ಹೊರಟು, ರೇಡಿಯೊ ಮುಚ್ಚಿ, ನಕ್ಷತ್ರಗಳನ್ನು ನೋಡಿ ಹಾರುತ್ತಿದ್ದರು. 27ರಿಂದ 33 ಗಂಟೆಗಳ ಪ್ರಯಾಣದಲ್ಲಿ ಸೂರ್ಯ ಎರಡು ಸಲ ಮೂಡುತ್ತಿದ್ದ. ಪ್ರಯಾಣಿಕರಿಗೆ ಜಾಗ ಮೂವರಿಗಷ್ಟೇ.

1942ರ ಏಪ್ರಿಲಿನ ಆ ದಾಳಿಗಳ ಭಯ ಬೆಂಗಳೂರಿನ ಕಾರ್ಖಾನೆಯ ಹಣೆಬರಹವನ್ನು ಬದಲಿಸಿತು. ಅಲ್ಲಿಯವರೆಗೆ ಕಾರ್ಖಾನೆಯ ಕನಸು ವಿಮಾನ ತಯಾರಿಕೆ: 1941ರಲ್ಲಿ ಹಾರ್ಲೊ ಎಂಬ ತರಬೇತಿ ವಿಮಾನವನ್ನು ಜೋಡಿಸಲಾಗಿತ್ತು, 1942ರ ಜುಲೈ 31ರಂದು ಕರ್ಟಿಸ್ ಹಾಕ್ ಯುದ್ಧವಿಮಾನ ಪರೀಕ್ಷೆಗೆ ಹಾರಿತು. ಆದರೆ ಭಾರತ ಸರ್ಕಾರ 1942ರ ಏಪ್ರಿಲಿನಲ್ಲೇ ವಾಲಚಂದರ ಪಾಲನ್ನು ಕೊಂಡುಕೊಂಡು ಆಡಳಿತವನ್ನು ಕೈಗೆ ತೆಗೆದುಕೊಂಡಿತ್ತು. ಮೈಸೂರು ತನ್ನ ಪಾಲು ಉಳಿಸಿಕೊಂಡರೂ ನಿರ್ವಹಣೆಯಿಂದ ಹಿಂದೆ ಸರಿಯಿತು. ಹೊಸ ವಿಮಾನ ಕಟ್ಟುವುದನ್ನು ಬಿಟ್ಟು ಹಳೆಯದನ್ನು ರಿಪೇರಿ ಮಾಡುವುದೇ ಮುಖ್ಯವಾಯಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುದಳದ ಕೈಗೆ ಹೋಗಿ 84ನೆಯ ಏರ್ ಡಿಪೊ ಆಯಿತು.

ರಾಷ್ಟ್ರೀಯವಾದಿ ಉದ್ಯಮಿಯ ಕೈಯಿಂದ ಕಾರ್ಖಾನೆಯನ್ನು ಕಸಿದರೆಂಬ ಅಸಮಾಧಾನಕ್ಕೆ ಕಾರಣವಿದೆ. ಆದರೂ ಒಂದು ಮಾತನ್ನು ಒಪ್ಪಬೇಕು: ವಿಮಾನವನ್ನು ಪೂರ್ತಿ ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸಿ, ಮತ್ತೆ ಕಟ್ಟಿ ಹಾರಿಸುವ ಓವರ್‌ಹಾಲ್ ಎಂಬ ಕೆಲಸ, ಬೆಂಗಳೂರಿನ ಸಾವಿರಾರು ಕೆಲಸಗಾರರಿಗೆ ಯಾವ ಕಾಲೇಜೂ ಕಲಿಸಲಾರದಷ್ಟನ್ನು ಎರಡು ಮೂರು ವರ್ಷಗಳಲ್ಲಿ ಕಲಿಸಿತು. ಡಕೋಟಾ ಸಾಗಣೆ ವಿಮಾನ, ಲಿಬರೇಟರ್ ಬಾಂಬರ್, ಕ್ಯಾಟಲಿನಾ ಹಾರುದೋಣಿ ನೋಡಲು ಒಂದಕ್ಕೊಂದು ಸಂಬಂಧವಿಲ್ಲದ ಯಂತ್ರಗಳು; ಮೂರರ ಎದೆಯಲ್ಲೂ ಇದ್ದದ್ದು ಪ್ರ್ಯಾಟ್ ಆ್ಯಂಡ್ ವಿಟ್ನಿ ಕಂಪನಿಯ ಹದಿನಾಲ್ಕು ಸಿಲಿಂಡರಿನ ‘ಟ್ವಿನ್ ವಾಸ್ಪ್’ ಎಂಜಿನ್. ಒಂದು ಎಂಜಿನ್ನಿನಲ್ಲಿ ಕೈ ಪಳಗಿದರೆ ಮೂರು ಬಗೆಯ ವಿಮಾನಕ್ಕೆ ಆಗುತ್ತಿತ್ತು.

ಬಾಂಬರು, ಡಕೋಟಾಗಳು ರನ್‌ವೇಗೆ ಇಳಿದರೆ, ಗಾಲಿಯಿಲ್ಲದ ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಗೆ ಇಳಿದವು. ಸಮುದ್ರದಿಂದ ದೂರ, ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿ ಹಾರುದೋಣಿ ಇಳಿಯುವುದು ಲೋಕದಲ್ಲೇ ಅಪರೂಪದ ನೋಟ. ಎತ್ತರದ ತೆಳುಗಾಳಿಯಲ್ಲಿ ರೆಕ್ಕೆಗೆ ಆಧಾರ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ಆದ್ದರಿಂದ ಮೇಲೇಳಲು ಹೆಚ್ಚು ಉದ್ದದ ನೀರಿನ ಓಟ ಬೇಕು. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ಅದನ್ನು ಕೊಟ್ಟಿತು.

ಗಾಲಿಯಿಲ್ಲದ ಕ್ಯಾಟಲಿನಾವನ್ನು ದಡಕ್ಕೇರಿಸುವ ಕ್ರಮವನ್ನು ನೋಡಿದರೆ ಆ ಕೆಲಸದ ಕಷ್ಟ ಅರ್ಥವಾಗುತ್ತದೆ. ವಿಮಾನ ದಡದ ಸಮೀಪ ನಿಂತ ಮೇಲೆ ಸೊಂಟಮಟ್ಟದ ನೀರಿಗಿಳಿದ ಕೆಲಸಗಾರರು, ತೇಲುಬುರುಡೆ ಕಟ್ಟಿದ ಬಿಡಿ ಗಾಲಿಗಳನ್ನು ತಳ್ಳಿಕೊಂಡು ಹೋಗಿ, ಒಡಲಿನ ಎರಡೂ ಪಕ್ಕಕ್ಕೂ ಬಾಲದ ಕೆಳಗೂ ಸಿಕ್ಕಿಸುತ್ತಿದ್ದರು. ಆಮೇಲೆ ಹಗ್ಗ ಬಿಗಿದು ಟ್ರ್ಯಾಕ್ಟರು ಹಿಂಬದಿಯಿಂದ ಇಳಿಜಾರಿನ ಮೇಲೆ ಎಳೆಯುತ್ತಿತ್ತು. ಒಂದು ಗಾಲಿ ಸರಿಯಾಗಿ ಕೂರದಿದ್ದರೂ ಹದಿನೈದು ಟನ್ನಿನ ಯಂತ್ರ ಒಂದು ಮಗ್ಗುಲಿಗೆ ವಾಲುತ್ತದೆ.

ಹಾರುದೋಣಿಯ ಪರಮಶತ್ರು ಗುಂಡಲ್ಲ, ಉಪ್ಪು. ಸಮುದ್ರದ ನೀರು ಅಲ್ಯೂಮಿನಿಯಂ ತಗಡಿನ ಜೋಡಣೆಗಳಲ್ಲಿ ಕುಳಿತು ಲೋಹವನ್ನು ತಿನ್ನುತ್ತದೆ. ಒರಟು ಅಲೆಯ ಮೇಲೆ ಇಳಿದಾಗ ತಳದ ರಿವೆಟ್‌ಗಳು, ಅಂದರೆ ತಗಡನ್ನು ಹಿಡಿದಿಡುವ ಗುಂಡುಮೊಳೆಗಳು, ಸಿಡಿದು ತೂತು ಬೀಳುತ್ತವೆ. ಅಂಥ ತೂತಿಗೆ ಪೆನ್ಸಿಲ್ ತುರುಕಿ ಮನೆ ಮುಟ್ಟಿದ ವಿಮಾನಿಗಳೂ ಇದ್ದರು. ಸಿಹಿನೀರಿನ ಕೆರೆ ಇಳಿಯುವ ಜಾಗವಷ್ಟೇ ಆಗಿರದೆ ಉಪ್ಪು ತೊಳೆಯುವ ಹೊಂಡವೂ ಆಗಿತ್ತೆಂಬುದನ್ನು ಮರೆಯಬಾರದು.

ಪೆಸಿಫಿಕ್‌ನ ಬೆಂಗಾವಲನ್ನು ಹೊಗಳುವಾಗ ಸಾಮಾನ್ಯವಾಗಿ ಆಕಾಶವನ್ನೇ ನೋಡುತ್ತಾರೆ. ಆದರೆ ಮದರಾಸಿನ ರೆಡ್‌ಹಿಲ್ಸ್ ಕೆರೆ, ಕರಾಚಿಯ ಕೋರಂಗಿ ಖಾರಿ, ಸಿಂಹಳದ ಕೊಗ್ಗಲ ನೆಲೆಗಳಿಂದ ಹಿಂದೂ ಮಹಾಸಾಗರದ ಮೇಲೆ ಹಡಗುಗಳ ಕಾವಲಿಗೆ ಹೊರಡುತ್ತಿದ್ದ ಹಾರುದೋಣಿಗಳ ಪಾಲಿಗೆ, ಹತ್ತಿರದಲ್ಲೊಂದು ದುರಸ್ತಿಯ ನೆಲೆ ಇರುವುದು ಯಾವ ಯುದ್ಧವಿಮಾನದ ಬೆಂಗಾವಲಿಗೂ ಕಡಿಮೆಯಾಗಿರಲಿಲ್ಲ. ಎಂಜಿನ್ ನಡುನೀರಿನಲ್ಲಿ ನಿಂತರೆ ಬೆಂಗಾವಲು ಮಾಡಬಲ್ಲದ್ದೇನೂ ಇಲ್ಲ. ಜಪಾನಿನ ಸಂಯುಕ್ತ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಕೋಗಾ 1944ರ ಮಾರ್ಚ್ 31ರಂದು ಪಲಾವ್ ದ್ವೀಪದಿಂದ ದವಾವ್‌ಗೆ ಹೊರಟ ಹಾರುದೋಣಿ ಬಿರುಗಾಳಿಯಲ್ಲಿ ಕಾಣೆಯಾಯಿತು. ಅವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ.

■ ಚೌಕಟ್ಟು: ಮೂರು ಕ್ಲಿಪ್ಪರುಗಳ ಕೊನೆ
ಮಾರ್ಟಿನ್ ಕಂಪನಿ ಪ್ಯಾನ್ ಅಮೆರಿಕನ್‌ಗಾಗಿ ಕಟ್ಟಿದ್ದು ಫಿಲಿಪ್ಪೀನ್ ಕ್ಲಿಪ್ಪರ್ ಮಾದರಿಯ ಮೂರೇ ಹಾರುದೋಣಿಗಳನ್ನು. ‘ಹವಾಯಿ ಕ್ಲಿಪ್ಪರ್’ 1938ರ ಜುಲೈನಲ್ಲಿ ಗ್ವಾಮ್ ಮತ್ತು ಮನಿಲಾ ನಡುವೆ ಕಾಣೆಯಾಯಿತು. ವೇಕ್‌ನಿಂದ ಪಾರಾದ ‘ಫಿಲಿಪ್ಪೀನ್ ಕ್ಲಿಪ್ಪರ್’ 1943ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 19 ಮಂದಿಯೂ ಸತ್ತರು. ‘ಚೀನಾ ಕ್ಲಿಪ್ಪರ್’ 1945ರ ಜನವರಿಯಲ್ಲಿ ಟ್ರಿನಿಡಾಡ್‌ನ ಬಂದರಿನಲ್ಲಿ ಇಳಿಯುವಾಗ ಒಡೆದು ಮುಳುಗಿತು.

ರಿಪೇರಿಯ ಈ ಗದ್ದಲದ ನಡುವೆಯೂ ಸ್ವಂತ ವಿಮಾನದ ವಿನ್ಯಾಸ ಬಿಡದೆ ನಡೆಸಿದವರು ಡಾ. ವಿಷ್ಣು ಮಾಧವ ಘಾಟಗೆ. 1908ರಲ್ಲಿ ಅವರು ಹುಟ್ಟಿದ್ದು ಕೊಲ್ಲಾಪುರ ಸೀಮೆಯ ಗಡಹಿಂಗ್ಲಜ ಹತ್ತಿರದ ಹಸೂರಚಂಪು ಎಂಬ ಹಳ್ಳಿಯಲ್ಲಿ. ಸಂಕೇಶ್ವರದಿಂದ, ನಿಪ್ಪಾಣಿಯಿಂದ ದಿನಬೆಳಗಾದರೆ ಬಸ್ಸು ಓಡಾಡುವ, ಮನೆಯಲ್ಲಿ ಒಂದು ಭಾಷೆ ಪೇಟೆಯಲ್ಲಿ ಇನ್ನೊಂದು ಭಾಷೆ ಆಡುವ ನಾಡು ಅದು.

ಜರ್ಮನಿಯ ಗಟಿಂಗೆನ್‌ನಲ್ಲಿ ವಾಯುಚಲನಶಾಸ್ತ್ರದ ಪಿತಾಮಹರೆನಿಸಿದ ಲುಡ್ವಿಗ್ ಪ್ರಾಂಟ್ಲ್ ಅವರ ಕೈಕೆಳಗೆ 1936ರಲ್ಲಿ ಡಾಕ್ಟರೇಟ್ ಮುಗಿಸಿ ಬಂದಿದ್ದ ಘಾಟಗೆ, ಬೆಂಗಳೂರಿನ ಕಾರ್ಖಾನೆ ಸೇರಿ ಹತ್ತು ಆಸನದ ಜಿ–1 ಎಂಬ ಗ್ಲೈಡರನ್ನು, ಎಂದರೆ ಎಂಜಿನ್ ಇಲ್ಲದೆ ತೇಲುವ ವಿಮಾನವನ್ನು ರೂಪಿಸಿದರು. ಒಂದೇ ಒಂದು ತಯಾರಾಯಿತು, ಯುದ್ಧಕ್ಕೆ ಹೋಗಲಿಲ್ಲ. ಆದರೂ ಆ ಕಾರ್ಖಾನೆಯ ಮೊದಲ ಸ್ವದೇಶಿ ವಿನ್ಯಾಸ ಅದೇ. 1942ರ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆದಾಗ ಅಲ್ಲಿ ಪಾಠ ಹೇಳಿದವರಲ್ಲೂ ಅವರಿದ್ದರು.

1951ರ ಆಗಸ್ಟಿನಲ್ಲಿ ಅವರ ತಂಡದ ಎಚ್‌ಟಿ–2 ತರಬೇತಿ ವಿಮಾನ ಬೆಂಗಳೂರಿನಲ್ಲಿ ಮೇಲೆದ್ದಿತು. ಅನಂತರ ಬಂದ ಕಿರಣ್ ಜೆಟ್ ತರಬೇತಿ ವಿಮಾನದ ಹಿಂದೆಯೂ ಘಾಟಗೆ ಇದ್ದರು. ಬೀದರನ್ನು ನೆಲೆ ಮಾಡಿಕೊಂಡ ವಾಯುಪಡೆಯ ‘ಸೂರ್ಯಕಿರಣ’ ತಂಡ ಕಸರತ್ತು ಮಾಡುತ್ತಿದ್ದುದು ಈ ವಿಮಾನದಲ್ಲೇ. ಪದ್ಮಶ್ರೀ ಪಡೆದ ಈ ಎಂಜಿನಿಯರ್ 1991ರಲ್ಲಿ ತೀರಿಕೊಂಡರು. ಕರ್ನಾಟಕ–ಮಹಾರಾಷ್ಟ್ರ ಗಡಿಯ ಆಚೆ ಈಚೆ ಎಂದು ಊರುಗಳಿಗಾಗಿ ಎಳೆದಾಡುವವರು, ಎರಡೂ ಕಡೆಯವರು ಹಂಚಿಕೊಳ್ಳಬಹುದಾದ ಇಂಥ ಹೆಸರನ್ನು ಎತ್ತದಿರುವುದು ಸೋಜಿಗ.

ಇನ್ನು ಬೆಳ್ಳಂದೂರು. ಊರಿನ ಕೊಳಚೆಯನ್ನೆಲ್ಲ ಕುಡಿದು ನೊರೆ ಉಗುಳಿದ ಆ ಕೆರೆಗೆ 2015ರಲ್ಲೂ 2018ರಲ್ಲೂ ಬೆಂಕಿ ಹತ್ತಿತು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ವಿಧಿಸಿ, ಪುನಶ್ಚೇತನಕ್ಕೆ 500 ಕೋಟಿ ತೆಗೆದಿಡಲು ಹೇಳಿತು. ಯುದ್ಧಕಾಲದಲ್ಲಿ ಲೋಹವನ್ನು ಉಪ್ಪಿನಿಂದ ಉಳಿಸಿದ ನೀರು, ಶಾಂತಿಕಾಲದಲ್ಲಿ ತಾನೇ ಉಳಿಯಲಾರದೆ ಹೋದದ್ದಕ್ಕೆ ಹೊಣೆಯನ್ನು ಯಾವ ಶತ್ರುವಿನ ಮೇಲೂ ಹಾಕುವಂತಿಲ್ಲ.

ಡಿಸೆಂಬರು, ಜನವರಿ ಶಾಲಾ ಪ್ರವಾಸಗಳ ಕಾಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಂದ ಬೆಂಗಳೂರಿಗೆ ಹೊರಡುವ ಬಸ್ಸುಗಳು ವಿಧಾನಸೌಧ, ಲಾಲ್‌ಬಾಗ್ ಮುಗಿಸಿ ಮೈಸೂರಿಗೆ ತಿರುಗುವ ಮುಂಚೆ ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯದ ಮುಂದೆ ಅರ್ಧ ದಿನ ನಿಲ್ಲಲಿ. 2001ರಲ್ಲಿ ತೆರೆದ ಆ ಸಂಗ್ರಹಾಲಯದ ಅಂಗಳದಲ್ಲಿ ಕಿರಣ್ ವಿಮಾನ ಇದೆ. ಅದನ್ನು ರೂಪಿಸಿದವರು ನಮ್ಮ ಪಕ್ಕದ ಊರಿನವರೆಂದು ಮೇಷ್ಟ್ರುಗಳು ಮಕ್ಕಳಿಗೆ ಹೇಳಲಿ.